ಹಿಂದಿನ ಸೀಟು

"ಆಫ್ ಮಾಡ್ಬೇಡಿ, ಹಾಗೇ ಇರ್ಲಿ" ಎಂದು ಮೆಕ್ಯಾನಿಕ್ ಒಂದು ಕೈ ಎತ್ತಿದ. ಇನ್ನೊಂದು ಕೈಯಲ್ಲಿದ್ದ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ತಾಗಿತ್ತು, ಹಿಡಿ ಅವನ ಕಿವಿಗೆ. ಹಳೆಯ ಡೀಸೆಲ್ ಎಂಜಿನ್ನಿನ ಎಂದಿನ ಗಡಗಡದ ಅಡಿಯಲ್ಲಿ ಬೇರೊಂದು ಸದ್ದಿತ್ತು. ಮುಚ್ಚಿದ ಬಾಗಿಲನ್ನು ಯಾರೋ ಒಳಗಿನಿಂದ ಗೆಣ್ಣಿನಲ್ಲಿ ಬಡಿಯುತ್ತಿರುವ ಹಾಗೆ.

"ಏನಂತಾನೆ ನನ್ನ ಮುದುಕ?" ಡ್ರೈವರ್ ಸೀಟಿನಿಂದ ಕಾರ್ ಮಾವ ಕೇಳಿದ. ಇಪ್ಪತ್ತೆರಡು ವರ್ಷಗಳಿಂದ ಇದೇ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಅವನನ್ನು ಮಕ್ಕಳಷ್ಟೇ ಅಲ್ಲ, ಮಕ್ಕಳ ಅಪ್ಪ ಅಮ್ಮಂದಿರೂ ಹಾಗೆಯೇ ಕರೆಯುತ್ತಿದ್ದರು. ಅವನ ಹೆಂಡತಿ ಹಿಂದಿನ ಸೀಟಿನ ನಟ್ಟನಡುವೆ ಕೂತಿದ್ದಳು. ಇಳಿದು ನೆರಳಲ್ಲಿ ಕೂರಿ ಎಂದು ಮೆಕ್ಯಾನಿಕ್ ಎರಡು ಸಲ ಹೇಳಿದ್ದ. "ಪರವಾಗಿಲ್ಲ" ಎಂದಿದ್ದಳು, ಅಷ್ಟೇ.

ಮೆಕ್ಯಾನಿಕ್ ಒಂದೊಂದೇ ಸಿಲಿಂಡರಿಗೆ ಡೀಸೆಲ್ ಹೋಗುವ ಪೈಪಿನ ನಟ್ಟು ಸಡಿಲಿಸುತ್ತ ಬಂದ. ಮೂರನೆಯದಕ್ಕೆ ಬಡಿತ ಮಂಕಾಯಿತು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟಿರಬಹುದೆಂದು ಮೂರನೆಯದನ್ನು ಒಂದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿ ನೋಡಿದ. ಅದಕ್ಕೇ ಒಂದು ಗಂಟೆ ಹಿಡಿಯಿತು. ಬಡಿತ ಮಾತ್ರ ಮೂರನೆಯ ಸಿಲಿಂಡರ್ ಬಿಟ್ಟು ಕದಲಲಿಲ್ಲ. ಅಂದರೆ ರೋಗ ಮೇಲಿಲ್ಲ, ಹೊಟ್ಟೆಯೊಳಗೆ, ಬೇರಿಂಗಿನಲ್ಲಿದೆ.

"ಎರಡು ತಿಂಗಳ ಹಿಂದೆ ನಾನೇ ಆಯಿಲ್ ಬದಲಾಯಿಸಿದ್ದೆ. ಆಗ ಬೆಣ್ಣೆ ಥರ ಓಡ್ತಿತ್ತು" ಎಂದು ಅವನು ತಲೆ ಕೆರೆದುಕೊಂಡ. "ಒಂದು ರೌಂಡ್ ಹೋಗಿ ಬರೋಣ. ಭಾರ ಬಿದ್ದಾಗ ಹೇಗೆ ಬಡಿಯುತ್ತೆ ಕೇಳ್ಬೇಕು."

"ನೀವೇ ಓಡ್ಸಿ" ಎಂದಳು ಹಿಂದಿನಿಂದ ಹೆಂಡತಿ, ಮೆಕ್ಯಾನಿಕ್ ಕಡೆ ನೋಡಿ.

ಕಾರ್ ಮಾವ ನಕ್ಕುಬಿಟ್ಟ. "ನೋಡಪ್ಪಾ, ಇವಳಿಗೆ ಈಚೆಗೆ ಇದೊಂದು ಶುರುವಾಗಿದೆ. ಶಾಲೆ ಟ್ರಿಪ್ಪಿಗೂ ಬಂದು ಹಿಂದೆ ವಕ್ಕರಿಸ್ತಾಳೆ. ವಯಸ್ಸಾದ ಮೇಲೆ ಪ್ರೀತಿ ಉಕ್ಕಿ ಹರೀತಿದೆ! ನಾಳೆ ಸೋಮವಾರದಿಂದ ಇನ್ನಿಬ್ಬರು ಮಕ್ಕಳು ಸೇರ್ತಾರೆ. ಜಾಗ ಎಲ್ಲಿ? ಇವಳನ್ನ ಇಳಿಸ್ಲೇಬೇಕು."

ಹೆಂಡತಿ ನಗಲಿಲ್ಲ.

ಕಾಲುವೆಯ ಪಕ್ಕದ ರಸ್ತೆ ಮಧ್ಯಾಹ್ನದ ಬಿಸಿಲಿಗೆ ಖಾಲಿಯಾಗಿತ್ತು. ಮೆಕ್ಯಾನಿಕ್ ಪಕ್ಕದ ಸೀಟಿನಲ್ಲಿ ಮುಂದಕ್ಕೆ ಬಾಗಿ, ಮೈಯೆಲ್ಲ ಕಿವಿಯಾಗಿ ಕೂತಿದ್ದ. ಏರಿನಲ್ಲಿ ಬಡಿತ ಜೋರಾಯಿತು, ಇಳಿಜಾರಿನಲ್ಲಿ ತಗ್ಗಿತು. ಕಾರ್ ಮಾವನ ಬಾಯಿ ಸುಮ್ಮನಿರಲಿಲ್ಲ.

"ಆ ಪುಟ್ಟಿ ಇದ್ದಾಳಲ್ಲ, ಮುಂದಿನ ಹಲ್ಲು ಬಿದ್ದಿರೋಳು, ಮೊನ್ನೆ ನನ್ನ ಕೇಳ್ತಾಳೆ, ಮಾವಾ, ನಿನ್ನ ಕಾರಿಗೆ..."

ಮಾತು ನಿಂತಿತು. ಮುಂದೇನು ಎಂದು ಮೆಕ್ಯಾನಿಕ್ ತಿರುಗಿದ. ಕಾರ್ ಮಾವನ ಕಣ್ಣು ತೆರೆದೇ ಇತ್ತು, ಆದರೆ ಅದರಲ್ಲಿ ಯಾರೂ ಇರಲಿಲ್ಲ. ತುಟಿ ಏನನ್ನೋ ಚಪ್ಪರಿಸುತ್ತಿತ್ತು. ಬೆರಳುಗಳು ಸ್ಟೀರಿಂಗಿನ ಮೇಲಿನ ಇಲ್ಲದ ನೂಲನ್ನು ಹೆಕ್ಕುತ್ತಿದ್ದವು. ಎದುರಿಗೆ ರಸ್ತೆ ಎಡಕ್ಕೆ ತಿರುಗುತ್ತಿತ್ತು, ಕಾರು ತಿರುಗಲಿಲ್ಲ.

"ಸಾರ್! ಸಾರ್!"

ಅವನು ಕೈ ಚಾಚುವ ಮೊದಲೇ ಹಿಂದಿನಿಂದ ಎರಡು ಕೈ ಬಂದವು. ಒಂದು ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿತು. ಇನ್ನೊಂದು ಸ್ಟೀರಿಂಗನ್ನು ಹಿಡಿದು, ಗಾಬರಿಯಿಲ್ಲದೆ, ಅಳತೆ ಮಾಡಿದಂತೆ ತಿರುಗಿಸಿತು. ಎಂಜಿನ್ ಸುಮ್ಮಸುಮ್ಮನೆ ಅರಚಿಕೊಂಡಿತು. ಆಮೇಲೆ ಆ ಕೈ ಹ್ಯಾಂಡ್ ಬ್ರೇಕಿಗೆ ಹೋಯಿತು. ಕಾಲುವೆಯ ಅಂಚಿನ ಕಲ್ಲಿಗೆ ಒಂದು ಮಾರು ದೂರದಲ್ಲಿ ಕಾರು ನಿಂತಿತು.

"ಕೂಗ್ಬೇಡಿ" ಎಂದಳು ಅವಳು. "ಈಗ ಬರ್ತಾರೆ."

ಅರ್ಧ ನಿಮಿಷವೋ, ಒಂದು ನಿಮಿಷವೋ. ಕಾರ್ ಮಾವ ಎರಡು ಸಲ ರೆಪ್ಪೆ ಬಡಿದ.

"...ಕೆಮ್ಮು ಬಂದಿದ್ಯಾ ಅಂತ!" ಎಂದು ಹೊಟ್ಟೆ ಕುಲುಕಿಸಿ ನಕ್ಕ. ಆಮೇಲೆ ಕಾರು ನಿಂತಿರುವುದನ್ನು ಕಂಡು, "ಯಾಕೆ ನಿಲ್ಸಿದ್ದು? ಕೇಳಿಸ್ತಾ?" ಎಂದ.

"ಕೇಳಿಸ್ತು" ಎಂದ ಮೆಕ್ಯಾನಿಕ್. "ಇಳೀರಿ. ವಾಪಸ್ ನಾನು ಓಡಿಸ್ತೀನಿ."

ಶೆಡ್ಡಿಗೆ ಬಂದಮೇಲೆ ಕಾರ್ ಮಾವ ಮೂಲೆಯ ನಲ್ಲಿಯಲ್ಲಿ ಮುಖ ತೊಳೆಯಲು ಹೋದ. ಮೆಕ್ಯಾನಿಕ್ ಆಯಿಲ್ ಇಳಿಸಿದ. ತಟ್ಟೆಗೆ ಬಿದ್ದ ಕಪ್ಪು ದ್ರವದಲ್ಲಿ ಲೋಹದ ಸಣ್ಣ ಸಣ್ಣ ಮಿಂಚು. ಬೆರಳಲ್ಲಿ ತಿಕ್ಕಿದರೆ ಮರಳಿನ ಹಾಗೆ ಚುರುಚುರು. ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದ. ಅದರ ಮರೆಯಲ್ಲಿ ತಿಳಿಹಸಿರು ಪುಡಿ ಗಂಟುಗಟ್ಟಿ ಅಂಟಿಕೊಂಡಿತ್ತು. ಮೂಸಿದ. ನಿಂಬೆಯ ವಾಸನೆ. ಅವನ ಮನೆಯ ಸಿಂಕಿನ ಪಕ್ಕದಲ್ಲೂ ಇದ್ದ, ಪಾತ್ರೆ ತಿಕ್ಕುವ ಪುಡಿ.

ತಲೆಯೆತ್ತಿದರೆ ಹೆಂಡತಿ ಎದುರಿಗೇ ನಿಂತಿದ್ದಳು.

"ಮೂರು ಚಮಚ" ಎಂದಳು ಮೆಲ್ಲಗೆ. "ಸ್ಟಾರ್ಟೇ ಆಗಲ್ಲ ಅಂದ್ಕೊಂಡಿದ್ದೆ."

"ಎಷ್ಟು ದಿನದಿಂದ ಹೀಗೆ ಅವ್ರಿಗೆ?"

"ಒಂದೂವರೆ ವರ್ಷ ಆಯ್ತು. ಡಾಕ್ಟ್ರ ಹತ್ರ ಬನ್ನಿ ಅಂದ್ರೆ ನಂಗೇನಾಗಿದೆ ಅಂತಾರೆ. ಅವ್ರಿಗೆ ಗೊತ್ತೇ ಆಗಲ್ಲ. ನಾನು ಸುಳ್ಳು ಹುಟ್ಟಿಸ್ತೀನಂತೆ." ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಹಿಂದೆ ನಾನಿದ್ರೆ ಹೇಗೋ ಆಗುತ್ತೆ ಅಂತ ದಿನ ದೂಡಿದೆ. ನಾಳೆಯಿಂದ ನಂಗೆ ಜಾಗ ಇಲ್ಲ."

"ಮಕ್ಕಳ ಮನೆಯವ್ರಿಗೆ ಹೇಳ್ಬಹುದಿತ್ತಲ್ಲಮ್ಮ."

"ಆ ಮಕ್ಕಳು ಬಿಟ್ರೆ ಅವ್ರಿಗೆ ಬೇರೇನಿದೆ? ನನ್ನ ಬಾಯಿಂದ ಬರ್ಲಿಲ್ಲ."

ಮೆಕ್ಯಾನಿಕ್ ಚಿಂದಿಬಟ್ಟೆಯಿಂದ ಪುಡಿಯನ್ನು ಚೆನ್ನಾಗಿ ಒರೆಸಿ ಮುಚ್ಚಳ ಬಿಗಿದ. ಅಷ್ಟರಲ್ಲಿ ಕಾರ್ ಮಾವ ಮುಖ ಒರೆಸಿಕೊಳ್ಳುತ್ತ ಬಂದ.

"ಹೇಳಪ್ಪಾ, ಏನು?"

"ಎಂಜಿನ್ ಹೋಯ್ತು ಸಾರ್. ಕ್ರ್ಯಾಂಕೇ ತಿಂದುಹೋಗಿದೆ. ಇದಿನ್ನು ರಸ್ತೆಗಿಳಿಯಲ್ಲ."

ಕಾರ್ ಮಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ.

"ಹೋಗ್ಲಿ ಬಿಡು" ಎಂದ ಕೊನೆಗೆ. "ಮಕ್ಕಳು ಕಾಯ್ತಾವೆ. ನನ್ನ ಷಡ್ಡಕನ ವ್ಯಾನ್ ಸುಮ್ನೆ ನಿಂತಿದೆ. ಹನ್ನೆರಡು ಜನ ಹಿಡಿಸ್ತಾರೆ."

ಹೆಂಡತಿ ಪಕ್ಕದ ಟೈರುಗಳ ರಾಶಿಯ ಮೇಲೆ ಕುಸಿದು ಕೂತಳು. ಅವನಾಗಲೇ ಫೋನ್ ತೆಗೆದು ಪುಟ್ಟಿಯ ಮನೆಯ ನಂಬರ್ ಒತ್ತಿದ್ದ.

"ಸಾರ್, ನಿಲ್ಲಿ" ಎಂದ ಮೆಕ್ಯಾನಿಕ್. "ಆಗ ಕಾಲುವೆ ಹತ್ರ ಏನಾಯ್ತು ಗೊತ್ತಾ? ನಿಮಗೆ ಪ್ರಜ್ಞೆ ಇರ್ಲಿಲ್ಲ. ಕಾರು ನಿಲ್ಲಿಸಿದ್ದು ಇವ್ರು."

"ನಿನ್ನ ಕಿವಿಗೂ ಊದಿದಾಳಾ ಇವಳು?" ಕಾರ್ ಮಾವನ ಮುಖ ಕೆಂಪಾಯಿತು. ಅತ್ತ ಯಾರೋ ಎತ್ತಿಕೊಂಡರು. ಅವನ ದನಿ ತಕ್ಷಣ ಮೆದುವಾಯಿತು. "ಹೂಂ ತಾಯಿ, ನಾನೇ. ಗಾಡಿ ಬದಲಾಗುತ್ತೆ ಅಷ್ಟೆ, ಡ್ರೈವರ್ ನಾನೇ. ಪುಟ್ಟಿಗೆ ಹೇಳು, ನಾಳೆ..."

ತುಟಿ ಚಪ್ಪರಿಸತೊಡಗಿತು.

"ಹಲೋ?" ಎಂದಿತು ಫೋನು. "ನಾಳೆ ಏನು ಮಾವ? ಹಲೋ?"

ಮೆಕ್ಯಾನಿಕ್ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಆಮೇಲೆ ಎದ್ದು, ಅವನಿಗೂ ಗಂಡನಿಗೂ ನಡುವಿನ ದಾರಿಯಿಂದ ಪಕ್ಕಕ್ಕೆ ಸರಿದಳು.

ಅವನು ಕಾರ್ ಮಾವನ ಬೆರಳುಗಳ ನಡುವಿನಿಂದ ಫೋನನ್ನು ಮೆಲ್ಲಗೆ ಬಿಡಿಸಿಕೊಂಡ.

"ಅಮ್ಮಾ, ನಾನು ಶೆಡ್ಡಿನ ಮೆಕ್ಯಾನಿಕ್. ನಾಳೆ ಮಗೂನ ಇವ್ರ ಜತೆ ಕಳಿಸ್ಬೇಡಿ. ಉಳಿದವ್ರಿಗೂ ಹೇಳಿ."

"ಯಾಕೆ, ಗಾಡಿಗೇನಾಯ್ತು?"

"ಗಾಡಿಗಲ್ಲ" ಎನ್ನುತ್ತ ಅವನು ಬಿಸಿಲಿಗೆ ಹೋದ. ಎಲ್ಲವನ್ನೂ ಹೇಳಿದ, ಪುಡಿಯೊಂದನ್ನು ಬಿಟ್ಟು.

ಒಳಗೆ ಕಾರ್ ಮಾವ ಹಾಗೆಯೇ ನಿಂತಿದ್ದ, ಖಾಲಿ ಮುಷ್ಟಿ ಕಿವಿಗೆ ಆನಿಸಿಕೊಂಡು. ಹೆಂಡತಿ ಆ ಕೈಯನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಸುತ್ತಿದ್ದಳು.