ಲೇಥಿಗೆ ಶೇಂಗಾ ಎಣ್ಣೆ

"ಇಲ್ಲೇನು ಮಿರ್ಚಿ ಕರಿಯಾಕ ನಿಂತೀಯೇನ್ ಬೇ?" ಮಧ್ಯಾಹ್ನದ ಪಾಳಿಗೆ ಬಂದ ಬೀರೇಶ ಮೂಗು ಮುಚ್ಚಿಕೊಂಡ.

ರಾಧಾ ಲೇಥಿನಲ್ಲಿ ತಿರುಗುತ್ತಿದ್ದ ಕಬ್ಬಿಣದ ಮೇಲೆ ಶೇಂಗಾ ಎಣ್ಣೆ ಹನಿಸುತ್ತಲೇ ಇದ್ದಳು. ಐಟಿಐ ಮುಗಿಸಿ, ಅರಕೇರಾದಿಂದ ದೇವದುರ್ಗದ ಈ ವರ್ಕ್‌ಶಾಪಿಗೆ ದಿನಾ ಬಸ್ಸಿಗೆ ಬರುತ್ತಿದ್ದವಳು. ಕಬ್ಬಿಣ ಕಾಯದಂತೆ ಹಾಕುವ ಡ್ರಮ್ಮಿನ ಕಟಿಂಗ್ ಆಯಿಲ್ ತಾಕಿ ತಾಕಿ ಬೆರಳ ಸಂದಿಗಳು ಒಡೆದು, ರೊಟ್ಟಿ ಬಡಿಯುವಾಗ ಹಿಟ್ಟಿಗೆ ರಕ್ತ ಹತ್ತುತ್ತಿತ್ತು. ದವಾಖಾನೆಯಲ್ಲಿ ಆ ಎಣ್ಣೆ ಮುಟ್ಟಲೇಬೇಡ ಎಂದಿದ್ದರು. ಮಾಲೀಕ ವಿರೂಪಣ್ಣನನ್ನು ಕಾಡಿಬೇಡಿ ಗಾಣದೆಣ್ಣೆ ಬಳಸತೊಡಗಿದ ಮೇಲೆ ಕೈ ಮಾಯುತ್ತ ಬಂದಿತ್ತು. ಮಾಲೀಕನ ಹೆಂಡತಿಯ ತಮ್ಮ ಬೀರೇಶನಿಗೆ ಅಂದಿನಿಂದ ಅವಳನ್ನು ಕಂಡರಾಗದು.

ಹಬ್ಬದ ರಜೆ ಮುಗಿಸಿ ಬಂದಾಗ ಲೇಥ್ ಜಗ್ಗಲಿಲ್ಲ. ಹಾಗೇ ಉಳಿದಿದ್ದ ಎಣ್ಣೆ ಅಂಟಾಗಿ ಕಚ್ಚಿಕೊಂಡಿತ್ತು.

"ನೋಡ್ರಿ ಮಾಮಾ, ಅಡಗಿ ಎಣ್ಣಿ ಹಾಕಿ ಮಷಿನ್ನ ಕೆಡಿಸ್ಯಾಳ! ಹತ್ತಿ ಮಿಲ್ಲಿನ ಶಾಫ್ಟ್ ಇವತ್ತ ಕೊಡಬೇಕು!" ಅಂದು ಮುಂಜಾನೆಯೇ ಬಂದಿದ್ದ ಬೀರೇಶ ಅವಳ ಎಣ್ಣೆ ಡಬ್ಬಿ ಕಸಿದು ಗಟಾರಕ್ಕೆ ಸುರಿದ. ಆ ಎಳೆದಾಟದಲ್ಲಿ ಅವನ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನಿಂದ ಮೊಳಕೈವರೆಗೆ ಅವಳ ಕೈಯಲ್ಲಿದ್ದಂಥವೇ ಹುಣ್ಣುಗಳು. ಹಳೆಯವು, ಕಪ್ಪಗೆ ಹಕ್ಕಳೆಗಟ್ಟಿದವು.

"ಯಣ್ಣಾ, ನಿನಗೂ ಆಗ್ಯಾವಲ್ಲ..."

"ಏನ್ ನೋಡಾಕತ್ತಿ?" ತೋಳು ಎಳೆದುಕೊಂಡ. "ಇಪ್ಪತ್ತು ವರ್ಷ ಆತು. ನಾ ಏನ್ ಸತ್ತೀನೇನು? ನಿನ್ನ ಕೈಯೇನು ಬಂಗಾರದ್ದೇನು?"

"ಸಾಕು," ಎಂದ ವಿರೂಪಣ್ಣ. "ಡ್ರಮ್ಮಿನ ಎಣ್ಣಿ ಹಾಕು, ಇಲ್ಲಾಂದ್ರ ಮನಿಗೆ ನಡಿ."

"ಮಷಿನ್ ಒರಸದ ಹಂಗೇ ಹೋಗಿದ್ದು ನನ್ನ ತಪ್ಪುರೀ. ಇನ್ನ ದಿನಾ ತೊಳಿತೀನಿ. ಆದ್ರ ಆ ಎಣ್ಣಿ ಮುಟ್ಟಂಗಿಲ್ಲ. ಮಧ್ಯಾಹ್ನದೊಳಗ ಶಾಫ್ಟ್ ಆಗಲಿಲ್ಲಂದ್ರ ನಾನ ಹೋಗ್ತೀನಿ."

ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಅಂಟು ಬಿಡಿಸಿದಳು. ಅರ್ಧ ಮಾಯ್ದ ಗಾಯಗಳು ಉರಿದು ಕಣ್ಣಲ್ಲಿ ನೀರು ಬಂತು. ಬೀರೇಶ ಕೈಕಟ್ಟಿ ನೋಡುತ್ತ ನಿಂತ. ರಾಧಾ ಓಡಿಹೋಗಿ ಗಾಣದಿಂದ ಮತ್ತೆ ಎಣ್ಣೆ ತಂದಳು.

ಶಾಫ್ಟ್ ಮುಗಿದಾಗ ವಿರೂಪಣ್ಣ ಆ ಕಬ್ಬಿಣದ ದಂಡದ ತಿರುಪಿನ ಗೆರೆಗಳ ಮೇಲೆ ಉಗುರು ಆಡಿಸಿದ. ಆಟೋಗೆ ಹಾಕಿಸಿದ. "ನಾಳಿ ಲಗೂನ ಬಾ," ಎಂದಷ್ಟೇ ಹೇಳಿದ.

ಬೀರೇಶ ಅವಳ ಎಣ್ಣೆಯ ಪಸೆಯೂ ಉಳಿಯದಂತೆ ಲೇಥ್ ಒರೆಸಿ, ಆ ಬಟ್ಟೆಯನ್ನು ಅವಳ ಕಾಲ ಬಳಿ ಎಸೆದ. ತನ್ನ ಪಾಳಿಗೆ ಡ್ರಮ್ಮಿನ ನಲ್ಲಿ ತಿರುಗಿಸಿದ.

ಚಪ್ಪಲಿ ಮೆಟ್ಟಿ ಬಾಗಿಲು ದಾಟುವಾಗ ರಾಧಾ ತಿರುಗಿ ನೋಡಿದಳು. ಅವನು ಬೆನ್ನು ಮಾಡಿ ನಿಂತು, ತುರಿಸುತ್ತಿದ್ದ ಮೊಳಕೈಯನ್ನು ಲೇಥಿನ ಅಂಚಿಗೆ ತಿಕ್ಕುತ್ತಿದ್ದ.