ಗವಸು ತೊಟ್ಟ ವೈಫೈ ಡಬ್ಬಿ

ಟೈಲರಮ್ಮನಿಗೆ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರಬಾರದು. ಮಿಕ್ಸಿಗೆ ಗವಸು, ಟಿವಿಗೆ ಗವಸು, ಹೊಲಿಗೆ ಯಂತ್ರಕ್ಕಂತೂ ಅಂಚು ಕಟ್ಟಿದ ಗವಸು. ಆ ಮನೆಯಲ್ಲಿ ಗವಸಿಲ್ಲದೆ ಓಡಾಡುವವನು ಅವಳ ಗಂಡ ಒಬ್ಬನೇ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಗಂಡ ಬಸ್ ಡ್ರೈವರ್. ಬೀದಿಗೆಲ್ಲ ಅವನು ಡ್ರೈವರಣ್ಣ.

ಈಗ ಟೈಲರಮ್ಮನಿಗೆ ಒಂದು ಒಳ್ಳೆಯ ಅವಕಾಶ ಬಂದಿತ್ತು. ದೂರದ ಊರಿನ ಮಹಿಳಾ ಸಂಘವೊಂದು ತನ್ನ ಸದಸ್ಯರಿಗೆ ವಿಡಿಯೋದಲ್ಲಿ ಹೊಲಿಗೆ ಕಲಿಸಲು ಅವಳನ್ನು ಕೇಳಿತ್ತು. ಇಷ್ಟು ವರ್ಷ ಬೇರೆಯವರ ಅಳತೆ ತೆಗೆದವಳಿಗೆ ಮೊದಲ ಸಲ ‘ಟೀಚರ್’ ಅನ್ನಿಸಿಕೊಳ್ಳುವ ಖುಷಿ. ಕನ್ನಡಿ ಮುಂದೆ ನಿಂತು ಪಾಠ ಅಭ್ಯಾಸ ಮಾಡಿದ್ದೇ ಮಾಡಿದ್ದು.

ಆದರೆ ಪರೀಕ್ಷೆಗೆಂದು ನಡೆಸಿದ ಮೊದಲ ತರಗತಿಯಲ್ಲೇ ಎಡವಟ್ಟಾಯಿತು. ಅಂಗಿಯ ಕುತ್ತಿಗೆ ಕತ್ತರಿಸುವುದನ್ನು ತೋರಿಸುತ್ತಿದ್ದಾಗ ಅತ್ತ ಕಡೆಯವರ ಪರದೆಯಲ್ಲಿ ಅವಳ ಚಿತ್ರ ಕತ್ತರಿ ಹಿಡಿದು, ಬಾಯಿ ತೆರೆದುಕೊಂಡು ಅಲ್ಲೇ ನಿಂತುಬಿಟ್ಟಿತು. ಇತ್ತ ಇವಳು ಮಾತಾಡುತ್ತಲೇ ಇದ್ದಳು. ಕಲಿಯುವವರಲ್ಲಿ ಒಬ್ಬ ನರ್ಸ್ ಇದ್ದಳು, ಮಹಾ ಆತುರಗಾತಿ. ಟೀಚರ್ ಕತ್ತರಿ ನಿಂತ ಜಾಗದವರೆಗೂ ಕತ್ತರಿಸಬೇಕೇನೋ ಎಂದುಕೊಂಡು ಅಂಗಿಯ ಕುತ್ತಿಗೆಯನ್ನು ಹೊಟ್ಟೆಯ ತನಕ ಸೀಳಿಬಿಟ್ಟಳು!

ಸಂಘದವರು ಮರ್ಯಾದೆಯಿಂದಲೇ ಹೇಳಿದರು: "ಶನಿವಾರ ನಿಜವಾದ ಕ್ಲಾಸು. ಅವತ್ತೂ ಹೀಗೇ ಆದ್ರೆ ಬೇರೆ ಯಾರನ್ನಾದ್ರೂ ನೋಡ್ಕೋಬೇಕಾಗುತ್ತೆ ಮೇಡಂ."

ಟೈಲರಮ್ಮನ ಮುಖ ಸಪ್ಪಗಾಯಿತು. "ರೀ, ಈ ವೈಫೈ ಡಬ್ಬಿ ಎಸೆದು ಹೊಸದು ತನ್ನಿ. ಅಂಗಡಿಯಲ್ಲಿ ಎಂಟು ಕೊಂಬಿನದು ಇದೆಯಂತೆ. ಅದೇ ಬೇಕು."

"ಎಂಟು ಕೊಂಬಾ? ಅದೇನು ವೈಫೈಯೋ ರಾಕ್ಷಸನೋ?" ಎಂದ ಡ್ರೈವರಣ್ಣ. "ಇದರಲ್ಲಿ ದೀಪ ಉರೀತಿಲ್ವಾ? ಉರೀತಿದೆ. ಅಂದ್ರೆ ಗಾಡಿ ಓಡ್ತಿದೆ. ಓಡೋ ಗಾಡಿನ ಯಾರಾದ್ರೂ ಗುಜರಿಗೆ ಹಾಕ್ತಾರೇನೆ?"

ಹೀಗೆ ಗಂಡ ಹೆಂಡತಿ ಹಗ್ಗಜಗ್ಗಾಟ ನಡೆಸುತ್ತಿದ್ದಾಗಲೇ ಡ್ರೈವರಣ್ಣನ ತಂಗಿ ಬಂದಳು. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ.

"ಅತ್ತಿಗೆ, ಮೊದಲು ಡಬ್ಬಿ ಎಲ್ಲಿದೆ ತೋರಿಸಿ."

ಟೈಲರಮ್ಮ ಹೆಮ್ಮೆಯಿಂದ ಒಳಗೆ ಕರೆದುಕೊಂಡು ಹೋದಳು. ಕೊನೆಯ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ, ಹತ್ತಿ ತುಂಬಿ ಹೊಲಿದ ಹೂವಿನ ಗವಸು ತೊಟ್ಟು ಡಬ್ಬಿ ಕೂತಿತ್ತು. ಕೊಂಬುಗಳಿಗೂ ಪುಟ್ಟ ಪುಟ್ಟ ಟೊಪ್ಪಿಗೆ!

ನಾದಿನಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಅಯ್ಯೋ ಅತ್ತಿಗೆ, ಇದಕ್ಕೇನು ಚಳಿಜ್ವರಾನಾ? ಮುಟ್ಟಿ ನೋಡಿ, ಹೆಂಚಿನ ಥರ ಕಾದಿದೆ. ಉಸಿರಾಡೋಕೆ ಗಾಳಿ ಬೇಡ್ವಾ?"

"ಧೂಳು ಕೂರಬಾರದು ಅಂತ..." ಟೈಲರಮ್ಮ ಗೊಣಗಿದಳು.

"ಒಣ ಬಟ್ಟೆಯಲ್ಲಿ ಒರೆಸಿದ್ರೆ ಸಾಕು."

ನಾದಿನಿ ಡಬ್ಬಿಯ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಇಂಟರ್ನೆಟ್ ವೇಗ ನೋಡಿದಳು. ಚೆನ್ನಾಗಿಯೇ ಇತ್ತು. ಮುಂದುಗಡೆಯ ಹೊಲಿಗೆ ಕೋಣೆಗೆ ಹೋಗಿ ನೋಡಿದರೆ ಆಮೆನಡಿಗೆ.

"ಗೊತ್ತಾಯ್ತಾ? ಎರಡು ಕಡೆಯೂ ನಿಧಾನ ಇದ್ದಿದ್ರೆ ಬರೋ ಲೈನಿಗೆ ತೊಂದ್ರೆ ಅಂತ ಮೊದಲು ಕಂಪನಿಯವರನ್ನ ಕೇಳ್ತಿದ್ದೆ. ಇಲ್ಲಿ ಲೈನ್ ಸರಿಯಾಗಿದೆ. ನಿಮ್ಮ ಬೀರುವೇ ಅಡ್ಡ ನಿಂತಿದೆ. ಕಬ್ಬಿಣ ದಾಟಿ, ಎರಡು ಗೋಡೆ ದಾಟಿ ಬರೋಷ್ಟರಲ್ಲಿ ಅದಕ್ಕೂ ಸುಸ್ತಾಗಲ್ವಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಡ್ರೈವರಣ್ಣ ಮೀಸೆಯಡಿಯಲ್ಲೇ ನಕ್ಕ.

"ನೀನು ನಗಬೇಡ ಅಣ್ಣ. ಪಾಸ್‌ವರ್ಡ್ ಯಾರಿಗೆಲ್ಲ ಕೊಟ್ಟಿದ್ದೀಯ?"

ಅವನು ತಲೆ ಕೆರೆದುಕೊಂಡ. "ಪಕ್ಕದ ಕಟಿಂಗ್ ಶಾಪಿನವನಿಗೆ... ಅವನ ಟಿವಿಗೆ. ಪಾಪ, ಕೇಳ್ದ."

"ಓಹೋ!" ಟೈಲರಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಅವನ ಗಿರಾಕಿಗಳಿಗೆ ದಿನವಿಡೀ ಸಿನಿಮಾ, ನನ್ನ ಶಿಷ್ಯರಿಗೆ ಗೊಂಬೆಯಾಟ!"

ಮೂವರೂ ಸೇರಿ ಡಬ್ಬಿಯ ಗವಸು ಬಿಚ್ಚಿದರು. ತಂತಿ ಎಳೆದು, ಮನೆಯ ನಡುವಿನ ಹಜಾರದಲ್ಲಿ ಎತ್ತರದ ಮರದ ಹಲಗೆಯ ಮೇಲೆ ಕೂರಿಸಿದರು. ಪಾಸ್‌ವರ್ಡ್ ಬದಲಾಯಿಸಿದರು. ಹೊಲಿಗೆ ಕೋಣೆಯಿಂದ ನಾದಿನಿಗೇ ವಿಡಿಯೋ ಕರೆ ಮಾಡಿದರೆ ಸೂಜಿಯ ಕಣ್ಣು ಕೂಡ ಸ್ಪಷ್ಟ!

"ನೋಡಿದ್ಯಾ? ಹೊಸದು ಬೇಡ ಅಂತ ನಾನು ಆವಾಗ್ಲೇ ಹೇಳ್ಲಿಲ್ವಾ?" ಡ್ರೈವರಣ್ಣ ಎದೆಯುಬ್ಬಿಸಿದ.

"ತಡಿ ಅಣ್ಣ, ಒಂದು ನೋಡೋದು ಬಾಕಿ ಇದೆ." ನಾದಿನಿ ಡಬ್ಬಿಯನ್ನು ಮಗುಚಿ ಅಡಿಯಲ್ಲಿದ್ದ ಮಾದರಿ ಸಂಖ್ಯೆ ಓದಿ, ತಯಾರಿಸಿದ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದಳು. "ಅಂದ್ಕೊಂಡ ಹಾಗೇ ಆಯ್ತು. ಇದಕ್ಕೆ ಅಪ್‌ಡೇಟ್ ಕೊಡೋದನ್ನ ನಿಲ್ಲಿಸಿ ವರ್ಷಗಳೇ ಆಗಿವೆ. ಇಂಟರ್ನೆಟ್ ಕಳ್ಳರು ಡಬ್ಬಿಯೊಳಗೆ ನುಗ್ಗೋಕೆ ಹೊಸ ಹೊಸ ದಾರಿ ಹುಡುಕ್ತಾನೇ ಇರ್ತಾರೆ. ಅಪ್‌ಡೇಟ್ ಬಂದ್ರೆ ಆ ದಾರಿಗಳು ಮುಚ್ಚುತ್ತವೆ. ಇದಕ್ಕೆ ಇನ್ನು ಬರೋದೇ ಇಲ್ಲ."

"ಆದ್ರೂ ಓಡ್ತಿದೆಯಲ್ಲ?"

"ಓಡ್ತಿದೆ ಅಂತ ಬ್ರೇಕ್ ಸವೆದ ಬಸ್ಸಿಗೆ ಜನ ಹತ್ತಿಸ್ತೀಯಾ?"

ಇಷ್ಟು ವರ್ಷ ಸ್ಟೇರಿಂಗ್ ಹಿಡಿದ ಡ್ರೈವರಣ್ಣನಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಬೆಳಿಗ್ಗೆ ಡಿಪೋದಲ್ಲಿ ಬ್ರೇಕ್ ನೋಡದೆ ಅವನು ಗಾಡಿಯನ್ನು ಗೇಟು ದಾಟಿಸಿದವನೇ ಅಲ್ಲ.

"ಹತ್ತಿಸಲ್ಲ," ಎಂದ ಮೆಲ್ಲಗೆ. "ನಡಿ, ತರೋಣ."

"ಎಂಟು ಕೊಂಬಿನದು!" ಟೈಲರಮ್ಮನ ಕಣ್ಣರಳಿತು.

"ಅತ್ತಿಗೆ, ಗಿಡ್ಡ ಆಳಿಗೆ ಉದ್ದ ಅಂಗಿ ಹೊಲೀತೀರಾ? ಈ ಮನೆಯ ಅಳತೆಗೆ ಸಾಧಾರಣದ್ದೇ ಸಾಕು. ಅಪ್‌ಡೇಟ್ ಇನ್ನೂ ಎಷ್ಟು ವರ್ಷ ಕೊಡ್ತಾರೆ ಅಂತ ಕೇಳಿ ತಗೊಳ್ಳೋಣ."

ಅಳತೆಯ ಮಾತು ಬಂದ ಮೇಲೆ ಟೈಲರಮ್ಮನೂ ಒಪ್ಪಿದಳು. ಹೊಸದನ್ನು ತಂದು ಅದೇ ಹಲಗೆಯ ಮೇಲೆ ಕೂರಿಸಿದರು. ಹಳೆಯ ಡಬ್ಬಿಯಲ್ಲಿದ್ದ ವಿವರಗಳನ್ನೆಲ್ಲ ಅಳಿಸಿ ಇ-ತ್ಯಾಜ್ಯಕ್ಕೆ ಕೊಟ್ಟರು. ಕಟಿಂಗ್ ಶಾಪಿನವನು ಒಂದು ದಿನ ಮುಖ ಊದಿಸಿಕೊಂಡ, ಆಮೇಲೆ ತಾನೇ ಒಂದು ಸಂಪರ್ಕ ಹಾಕಿಸಿಕೊಂಡ.

ಶನಿವಾರ ಬಂತು. ಟೈಲರಮ್ಮ ಹೊಲಿಗೆ ಕೋಣೆಯಲ್ಲಿ ಬಟ್ಟೆ ಹರಡಿ ಕೂತಳು. ಕುತ್ತಿಗೆ ಕತ್ತರಿಸುವ ಹೊತ್ತು ಬಂದಾಗ ಕತ್ತರಿಯನ್ನು ತಡೆದು ಹಿಡಿದು, "ಕಾಣಿಸ್ತಿದೆಯಾ?" ಎಂದಳು.

"ಕಾಣಿಸ್ತಿದೆ ಟೀಚರ್!" ಎಲ್ಲರೂ ಒಟ್ಟಿಗೆ ಕೂಗಿದರು.

ತರಗತಿ ಒಂದು ಸಲವೂ ನಿಲ್ಲಲಿಲ್ಲ. ಮುಂದಿನ ವಾರ ಆ ಆತುರದ ನರ್ಸ್ ತಾನೇ ಹೊಲಿದ ಅಂಗಿ ತೊಟ್ಟು ಪರದೆಯ ಮುಂದೆ ಒಂದು ಸುತ್ತು ತಿರುಗಿದಳು. ಕುತ್ತಿಗೆ ಇರಬೇಕಾದಲ್ಲೇ ಇತ್ತು. ಟೈಲರಮ್ಮನಿಗೆ ಕಣ್ಣು ತುಂಬಿ ಬಂತು.

ಆ ಸಂಜೆ ಡ್ರೈವರಣ್ಣ ಕೆಲಸ ಮುಗಿಸಿ ಬಂದಾಗ ಹೆಂಡತಿ ಸ್ಟೂಲಿನ ಮೇಲೆ ನಿಂತು, ಕೈಯಲ್ಲಿ ಟೇಪು ಹಿಡಿದು, ಹೊಸ ಡಬ್ಬಿಯ ಸುತ್ತಳತೆ ತೆಗೆಯುತ್ತಿದ್ದಳು.

"ಏಯ್! ಇಳಿ ಕೆಳಗೆ!"

"ಸುಮ್ನೆ ಅಳತೆ ನೋಡ್ತಿದ್ದೆ ರೀ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ವೈಫೈ ಡಬ್ಬಿ ಈಗ ಎಲ್ಲಿ ಕೂತಿದೆ? ಬೀರುವಿನ ಹಿಂದೆಯೋ, ಬಟ್ಟೆಯ ಒಳಗೋ? ಅಂಗಡಿಗೆ ಓಡುವ ಮೊದಲು ಅದಕ್ಕೆ ಗಾಳಿ ಕೊಡಿ, ಮನೆಯ ನಡುವೆ ಎತ್ತರದ ಜಾಗ ಕೊಡಿ, ಊರಿಗೆಲ್ಲ ಹಂಚಿದ ಪಾಸ್‌ವರ್ಡ್ ಬದಲಾಯಿಸಿ. ನಿಧಾನದ ಕಾಯಿಲೆ ಅಷ್ಟಕ್ಕೇ ವಾಸಿಯಾಗಬಹುದು. ಆದರೆ ಅಪ್‌ಡೇಟ್ ನಿಂತುಹೋಗಿದ್ದರೆ ದೀಪ ಉರಿಯುತ್ತಿದೆ ಎಂದು ಸುಮ್ಮನಿರಬೇಡಿ, ನಿಮ್ಮ ಮನೆಯ ಅಳತೆಗೆ ತಕ್ಕ ಹೊಸದನ್ನು ತನ್ನಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಸುಖ? ಈ ಹಾಳೆ ಕೆಳಗಿಟ್ಟ ಕೂಡಲೇ ಎದ್ದು ಒಮ್ಮೆ ಡಬ್ಬಿ ನೋಡಿ ಬನ್ನಿ.