ಮೂರನೇ ಪ್ಲಗ್

ಶವದ ವ್ಯಾನು ಬೀದಿಯ ತಿರುವು ದಾಟಿ ನೂರು ಮಾರು ಹೋಗಿರಲಿಲ್ಲ, ಬಾನೆಟ್ಟಿನೊಳಗೆ ಏನೋ ಠಪ್ಪೆಂದು ಹಾರಿ, ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹಿಂದೆ ನಡೆದು ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಗ್ಯಾರೇಜಿನ ಜನ. ಮೆಕ್ಯಾನಿಕ್ಕುಗಳು ಸೇರಿದಲ್ಲಿ ಹೆಣಕ್ಕಿಂತ ಕೆಟ್ಟ ಇಂಜಿನ್ನಿಗೇ ಮೊದಲ ಮರ್ಯಾದೆ. ಸದ್ದು ಕೇಳಿದ್ದೇ ತಡ, ಎಲ್ಲರೂ ಕಣ್ಣೊರೆಸಿಕೊಂಡು ಮುಂದಕ್ಕೆ ನುಗ್ಗಿದರು.

ಸತ್ತವನ ತಮ್ಮ ಮಾತ್ರ ನಿಂತಲ್ಲೇ ನಿಂತ. ಯಾವ ಸ್ಪಾರ್ಕ್ ಪ್ಲಗ್ಗು ಹಾರಿದೆ ಎಂದು ಅವನಿಗೆ ನೋಡದೆಯೇ ಗೊತ್ತಿತ್ತು.

"ಮೂರನೇದು," ಎಂದ ಗ್ಯಾರೇಜಿನ ಟಿಂಕರ್, ಬಾನೆಟ್ಟಿನೊಳಗೆ ತಲೆ ತೂರಿಸಿ. "ತ್ರೆಡ್ಡೆಲ್ಲ ಕಿತ್ಕೊಂಡು ಬಂದಿದೆ."

"ಹೋದ ತಿಂಗಳು ತಾನೆ ದೊಡ್ಡ ಮೇಸ್ತ್ರಿ ಹೊಸ ಬುಶ್ ಹಾಕ್ಕೊಟ್ರು!" ವ್ಯಾನಿನ ಡ್ರೈವರ್ ದನಿ ಏರಿತು. "ಹೆಡ್ಡು ಹೋದ್ರೂ ನನ್ನ ಬುಶ್ ಹೋಗಲ್ಲ ಅಂದಿದ್ರು. ಈಗ ನೋಡಿ, ಅವರನ್ನೇ ನಡುದಾರೀಲಿ ನಿಲ್ಲಿಸ್ತು."

ಯಾರೋ ನಗಲು ಹೋಗಿ ತಡೆದುಕೊಂಡರು.

*

ಅಣ್ಣ ನಲವತ್ತು ವರ್ಷ ಮಾಡಿದ್ದು ಬಹುಪಾಲು ಇದೊಂದೇ ಕೆಲಸ: ಬೇರೆಯವರು ಅವಸರದಲ್ಲಿ ಹಾಳುಮಾಡಿದ ಇಂಜಿನ್ ಹೆಡ್ಡಿನಲ್ಲಿ ಪ್ಲಗ್ಗು ಕೂರುವ ತೂತುಗಳನ್ನು ಸರಿಪಡಿಸುವುದು. ಪ್ಲಗ್ಗು ಕಚ್ಚಿಕೊಳ್ಳುವ ತ್ರೆಡ್ಡಿನ ಕೆಟ್ಟ ಗೀರುಗಳನ್ನು ಕೊರೆದು ತೆಗೆದು, ಹೊಸವು ಕೊಯ್ದು, ಬಳೆಯಂಥ ಉಕ್ಕಿನ ಬುಶ್ ಕೂರಿಸುತ್ತಿದ್ದ. ಚೂರುಗಳು ಒಳಗೆ ಬೀಳದಿರಲೆಂದು ಕೊಯ್ಯುವ ಟ್ಯಾಪಿಗೆ ಗ್ರೀಸ್ ಮೆತ್ತುತ್ತಿದ್ದ. ಇಂಜಿನ್ನು ಆರುವವರೆಗೆ ಡಬ್ಬ ಬೋರಲು ಹಾಕಿ ಕೂತುಬಿಡುತ್ತಿದ್ದ. ಗಿರಾಕಿ ಬೊಬ್ಬೆ ಹೊಡೆದರೂ ಏಳುತ್ತಿರಲಿಲ್ಲ. ಕಾದ ಹೆಡ್ಡಿನಿಂದ ಯಾರಾದರೂ ಪ್ಲಗ್ಗು ಬಿಚ್ಚಿದರೋ, ಅವರ ಏಳು ತಲೆಮಾರು ಜಾಲಾಡುತ್ತಿದ್ದ.

"ಅಲ್ಯೂಮಿನಿಯಂ ಮೆದು ಕಣೋ. ಮೊದ್ಲು ಬೆರಳಲ್ಲಿ ತಿರುಗ್ಸು. ಬೆರಳು ಒಪ್ಪಿದ್ಮೇಲೆ ಪಾನಾ."

ಈ ವ್ಯಾನು ಬಂದ ಮಧ್ಯಾಹ್ನ ಅವನು ಎದೆನೋವೆಂದು ಗ್ಯಾರೇಜಿನ ಒಳಕೋಣೆಯಲ್ಲಿ ಮಲಗಿದ್ದ. ತಮ್ಮ ಸವೆದ ತೂತಿಗೆ ಲೋಹದ ಅಂಟು ಮೆತ್ತಿ, ಪ್ಲಗ್ಗು ಬಿಗಿದು, ಅರ್ಧ ಗಂಟೆಯಲ್ಲಿ ಕೈತೊಳೆದುಕೊಂಡ. ಟೀವಿಯಲ್ಲಿ ಪಂದ್ಯವಿತ್ತು, ಬೇರೆ ಕಾರಣವೇನೂ ಇರಲಿಲ್ಲ.

"ಬುಶ್ ಹಾಕ್ದ್ಯಾ?" ಅಣ್ಣ ಮಲಗಿದಲ್ಲಿಂದಲೇ ಕೇಳಿದ.

"ಹಾಕ್ದೆ."

"ಗ್ರೀಸು?"

"ಹಾಕ್ದೆ ಅಂದ್ನಲ್ಲ!"

ಸಂಜೆ ಅಣ್ಣನೇ ಎದ್ದು ಬಂದು, ಡ್ರೈವರ್ ಕೈಗೆ ಕೀಲಿ ಕೊಟ್ಟು, ಮಾತೂ ಕೊಟ್ಟ.

*

"ಇಲ್ಲಿ ಬುಶ್ಶೇ ಇಲ್ಲ, ಬರೀ ಅಂಟು!" ಟಿಂಕರ್ ಪ್ಲಗ್ಗನ್ನು ಬೆಳಕಿಗೆ ಹಿಡಿದ. "ದೊಡ್ಡ ಮೇಸ್ತ್ರೀನೂ ಕೊನೆಗಾಲದಲ್ಲಿ ಈ ಕೆಲಸಕ್ಕಿಳಿದ್ರಾ?"

ಪ್ಲಗ್ಗು ಕೈಯಿಂದ ಕೈಗೆ ಹೋಯಿತು. ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ ಎಂಬ ಸಮಾಧಾನ ತಮ್ಮನ ಮನಸ್ಸಿನಲ್ಲಿ ಒಂದು ಕ್ಷಣ ಸುಳಿಯಿತು. ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಪ್ಲಗ್ಗು ತನ್ನ ಕೈಗೆ ಬಂದಾಗ ಪಕ್ಕದವನಿಗೆ ದಾಟಿಸಿದ.

ಅಷ್ಟರಲ್ಲಿ ಅತ್ತಿಗೆ ಜನರನ್ನು ಸರಿಸಿಕೊಂಡು ಬಂದು ಡ್ರೈವರ್ ಮುಂದೆ ಕೈಮುಗಿದರು. "ತಪ್ಪಾಯ್ತಪ್ಪ. ಅವರಿಗೆ ಹುಷಾರಿರ್ಲಿಲ್ಲ. ಹೊಟ್ಟೇಲಿ ಹಾಕ್ಕೊ."

ಅದನ್ನು ನೋಡಲಾಗಲಿಲ್ಲ. "ಅಣ್ಣ ಅದನ್ನ ಮುಟ್ಟೇ ಇಲ್ಲ," ಎಂದ ತಮ್ಮ. "ಅಂಟು ಹಾಕಿದ್ದು ನಾನು. ಅವನಿಗೂ ಸುಳ್ಳು ಹೇಳ್ದೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತಿಗೆ ಮುಗಿದ ಕೈಗಳನ್ನು ಕೆಳಗಿಳಿಸಿ, "ಸ್ಮಶಾನ ಇನ್ನೆಷ್ಟು ದೂರ?" ಎಂದು ಡ್ರೈವರನ್ನು ಕೇಳಿದರು.

"ಒಂದು ಮೈಲಿ ಅಮ್ಮ."

"ತಳ್ಳಿ."

ತಮ್ಮನೂ ಹಿಂದೆ ಹೋಗಿ ಬಾಗಿಲಿಗೆ ಕೈ ಹಚ್ಚಿದ. ಟಿಂಕರ್ ಆ ಕೈಯನ್ನು ಮೆಲ್ಲಗೆ ತೆಗೆದ. "ನೀನು ಬೇಡ. ಡ್ರೈವರ್ ತಳ್ತಾನೆ. ನೀನು ಒಳಗೆ ಕೂತು ಸ್ಟೇರಿಂಗ್ ಹಿಡ್ಕೊ."

ವ್ಯಾನು ನಿಧಾನವಾಗಿ ಉರುಳತೊಡಗಿತು. ರಸ್ತೆ ನೇರವಾಗಿತ್ತು, ಸ್ಟೇರಿಂಗ್ ತಿರುಗಿಸುವ ಕೆಲಸವೂ ಇರಲಿಲ್ಲ. ಪಕ್ಕದ ಕನ್ನಡಿಯಲ್ಲಿ ಬೆವರಿದ, ಬಾಗಿದ ತಲೆಗಳು ಕಂಡವು. ಅವುಗಳ ಅಂಚಿನಲ್ಲಿ ಅತ್ತಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ವ್ಯಾನಿಗೆ ಹೆಗಲು ಕೊಟ್ಟು, ಅಣ್ಣ ತಮ್ಮ ಇಬ್ಬರನ್ನೂ ತಳ್ಳುತ್ತಿದ್ದರು.